ಈಬೇ, ಹರಾಜು ಸಂಸ್ಥೆ, ವಾಟ್ಸಾಪ್ ಗ್ರೂಪ್: ಹಳೆ ಕ್ರಿಕೆಟ್ ಕಾರ್ಡ್ ಎಲ್ಲಿ ಎಷ್ಟಕ್ಕೆ ಬೀಳುತ್ತದೆ?

ಅರಸೀಕೆರೆ ಎಪಿಎಂಸಿಯ ಕೊಬ್ಬರಿ ಟೆಂಡರಿನಲ್ಲಿ ಬರೆದ ದರವೇ ಕೊಡಬೇಕಾದ ದರ. ಪಕ್ಕದವನು ಎಷ್ಟು ಬರೆದಿದ್ದಾನೆ ಅನ್ನುವುದು ಟೆಂಡರ್ ತೆರೆಯುವವರೆಗೆ ಕಾಣುವುದಿಲ್ಲ. ಇನ್ನೂರು ರೂಪಾಯಿ ಹೆಚ್ಚು ಬರೆದರೆ ಆ ಇನ್ನೂರು ಹೋದಂತೆಯೇ. ಹಳೆ ಸ್ಪೋರ್ಟ್ಸ್ ಕಾರ್ಡಿನ ಹರಾಜಿಗೆ ಇಳಿಯುವ ನಮ್ಮ ಕಡೆಯವರು ಇದೇ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಈಬೇ ಎಂಬ ಆನ್‌ಲೈನ್ ಹರಾಜು ತಾಣಕ್ಕೆ ಹೋಗುತ್ತಾರೆ, ಅಂಜಿ ಅಂಜಿ ಕಡಿಮೆ ಬಿಡ್ ಹಾಕುತ್ತಾರೆ, ಮತ್ತೆ ಮತ್ತೆ ಏರಿಸುತ್ತಾರೆ, ಕೊನೆಗೆ ಮೊದಲೇ ಸರಿಯಾಗಿ ಹಾಕಿದ್ದರೆ ಆಗುತ್ತಿದ್ದುದಕ್ಕಿಂತ ಜಾಸ್ತಿ ಕೊಟ್ಟು ಬರುತ್ತಾರೆ. ಈಬೇಯ ನಿಯಮ ಕೊಬ್ಬರಿ ಟೆಂಡರಿನದ್ದಲ್ಲ. ಹರಾಜು ಸಂಸ್ಥೆಗಳದ್ದು ಇನ್ನೊಂದು, ವಾಟ್ಸಾಪ್ ಗ್ರೂಪಿನದ್ದು ಮತ್ತೊಂದು. ಮೂರರಲ್ಲೂ ಬಿಡ್ ಹಾಕಿ, ಗೆದ್ದು, ಸೋತು, ಪೊಟ್ಟಣ ಬಿಚ್ಚಿ ನೋಡಿದ ಮೇಲಿನ ಹೋಲಿಕೆ ಇದು.

ಕಾರ್ಡುಗಳು ಯಾವುವೆಂದರೆ, ಒಂದು ಕಡೆ ಬ್ರಿಟನ್ನಿನ ಸಿಗರೇಟ್ ಕಾರ್ಡುಗಳು: ವಿಲ್ಸ್ ಕಂಪನಿಯ 1896ರ ಐವತ್ತು ಕ್ರಿಕೆಟಿಗರ ಸರಣಿ, ಜಾನ್ ಪ್ಲೇಯರ್‌ನ 1934 ಮತ್ತು 1938ರ ಸರಣಿಗಳು. ಇನ್ನೊಂದು ಕಡೆ ನಮ್ಮದೇ ಬಿಗ್ ಫನ್ ಬಬಲ್ ಗಮ್ ಕಾರ್ಡುಗಳು. ಸಿಗರೇಟ್ ಪ್ಯಾಕು ಜೇಬಿನಲ್ಲಿ ಅಪ್ಪಚ್ಚಿ ಆಗದಿರಲೆಂದು ಒಳಗಿಡುತ್ತಿದ್ದ ರಟ್ಟಿನ ತುಂಡೇ ಈ ಹವ್ಯಾಸದ ಅಜ್ಜ. ಹಾಗಾಗಿ ರಾಮನಾಥಪುರದ ತಂಬಾಕು ಹರಾಜು ಕೇಂದ್ರ ಇರುವ ಜಿಲ್ಲೆಯವರಿಗೆ ಈ ಕಾರ್ಡುಗಳು ದೂರದ ನೆಂಟರೆಂದೇ ಹೇಳಬೇಕು.

ಮೊದಲು ಮನೆಗೆ ಬಂದು ಬೀಳುವ ಬೆಲೆ

ಪೇಪರಿನಲ್ಲಿ ಬರುವ ದಾಖಲೆ ಬೆಲೆಗಳನ್ನು ಬದಿಗಿಡಿ. ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ ಕಾರ್ಡು (ಟಾಪ್ಸ್ ಕಂಪನಿಯ 1952ರದ್ದು) 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು ಅನ್ನುವಾಗ ಆ ಮೊತ್ತದಲ್ಲಿ ಹರಾಜು ಸಂಸ್ಥೆ ತನ್ನ ಶುಲ್ಕವೆಂದು ಕೊಳ್ಳುವವನ ಮೇಲೆ ಹೇರುವ ಪ್ರೀಮಿಯಮ್ಮೂ ಸೇರಿದೆ. ಕೂಗಿದ ಬೆಲೆ ಬೇರೆ, ತೆತ್ತ ಬೆಲೆ ಬೇರೆ. ನಮ್ಮ ಸಣ್ಣ ಕಾರ್ಡುಗಳಲ್ಲೂ ಎಡವುವುದು ಇದೇ ಜಾಗದಲ್ಲಿ.

ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು. ಒಂದು ಕಾರ್ಡಿಗೆ ಒಟ್ಟು 200 ಡಾಲರಿನಷ್ಟು ರೂಪಾಯಿ ಕೊಡಲು ತಯಾರಿದ್ದೀರಿ ಅಂದುಕೊಳ್ಳಿ. ಕ್ರೆಡಿಟ್ ಕಾರ್ಡಿನವರು ವಿದೇಶಿ ವಹಿವಾಟಿಗೆ ಹಾಕುವ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಎರಡೂ ಸೇರಿ ಶೇ 4 ಹಿಡಿಯಿರಿ. ಕಸ್ಟಮ್ಸ್ ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಬಿಡ್ ಹಾಕುವ ವಾರವೇ ನೋಡಿಕೊಳ್ಳಬೇಕು. ಇಲ್ಲಿ ಲೆಕ್ಕಕ್ಕೆಂದು ಶೇ 30 ಇಟ್ಟಿದ್ದೇವೆ. ಸುಂಕ ಬೀಳುವುದು ಕಾರ್ಡಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ. ಹೆಚ್ಚಿನವರು ಮರೆಯುವುದು ಇದನ್ನೇ.

ಈಬೇಯಲ್ಲಿ ಸಾಗಣೆ 20 ಡಾಲರ್ ಆದರೆ, ಬಿಡ್ ಮತ್ತು ಸಾಗಣೆ ಕೂಡಿಸಿ 1.34ರಿಂದ ಗುಣಿಸಿದಾಗ 200 ದಾಟಬಾರದು. ಅಂದರೆ ಗರಿಷ್ಠ ಬಿಡ್ 129 ಡಾಲರ್. ಅದೇ ಕಾರ್ಡು ಶೇ 20 ಪ್ರೀಮಿಯಂ ಇರುವ, ವಿಮೆ ಸಹಿತ ಸಾಗಣೆಗೆ 40 ಡಾಲರ್ ಕೇಳುವ ಹರಾಜು ಸಂಸ್ಥೆಯಲ್ಲಿ ಬಂದರೆ ನಿಮ್ಮ ಗರಿಷ್ಠ ಬಿಡ್ 91 ಡಾಲರ್. ಜೇಬಿನಿಂದ ಹೋಗುವ ಹಣ ಎರಡೂ ಕಡೆ ಒಂದೇ, ಬಿಡ್ಡಿನಲ್ಲಿ ಮಾತ್ರ 38 ಡಾಲರ್ ಅಂತರ. ಸಂಸ್ಥೆಯ ಪುಟದಲ್ಲಿ ಕಾರ್ಡು 95ಕ್ಕೆ ನಿಂತಿರುವುದನ್ನು ಕಂಡು ‘ಈಬೇಗಿಂತ ಅಗ್ಗ’ ಅಂದುಕೊಳ್ಳುವವರು ಈ ಗುಣಾಕಾರ ಮಾಡಿರುವುದಿಲ್ಲ.

ಈಬೇ: ಎರಡನೆಯವನ ಬೆಲೆ

ಈಬೇಯಲ್ಲಿ ನೀವು ಹಾಕುವುದು ಗರಿಷ್ಠ ಮಿತಿ. ಕೊಡುವುದು ಎರಡನೆಯವನ ಮಿತಿ ಮತ್ತು ಅದರ ಮೇಲೆ ಒಂದು ಮೆಟ್ಟಿಲು. ಮೆಟ್ಟಿಲಿನ ಎತ್ತರ ಗೊತ್ತಿರಲಿ: ಡಾಲರ್ ಪುಟದಲ್ಲಿ 25ರಿಂದ 99.99ರವರೆಗೆ 1 ಡಾಲರ್, 100ರಿಂದ 249.99ರವರೆಗೆ 2.50, 250ರಿಂದ 499.99ರವರೆಗೆ 5, ಅಲ್ಲಿಂದ 999.99ರವರೆಗೆ 10. ನೀವು 129 ಹಾಕಿ, ಎದುರಿನವನ ಮಿತಿ 80 ಆಗಿದ್ದರೆ ಕಾರ್ಡು 81ಕ್ಕೆ ನಿಮ್ಮದು. ಹಾಗಾಗಿ ಕೊಬ್ಬರಿ ಟೆಂಡರಿನ ಹಾಗೆ ಕೈ ಹಿಡಿದು ಬರೆಯುವ ಅಗತ್ಯವಿಲ್ಲ, ನಿಜವಾದ ಮಿತಿಯನ್ನೇ ಬರೆಯಬಹುದು.

ಪ್ರಶ್ನೆ ಯಾವಾಗ ಬರೆಯಬೇಕು ಅನ್ನುವುದು. ಎರಡೂ ರೀತಿ ಪ್ರಯತ್ನಿಸಿ ನೋಡಿದ್ದೇವೆ. ಐದು ದಿನ ಮೊದಲೇ ಪೂರ್ತಿ ಮಿತಿ ಹಾಕಿದರೆ, ಮೆಟ್ಟಿಲು ಮೆಟ್ಟಿಲಾಗಿ ಕೆದಕುವ ಗಿರಾಕಿ ಒಬ್ಬ ಬಂದೇ ಬರುತ್ತಾನೆ. ಅವನಿಗೂ ಕಾರ್ಡಿನ ಬೆಲೆ ಗೊತ್ತಿಲ್ಲ, ನಿಮ್ಮ ಮಿತಿಯೇ ಅವನಿಗೆ ಬೆಲೆಪಟ್ಟಿ. 45 ಹಾಕುತ್ತಾನೆ, ‘ನಿಮಗಿಂತ ಹೆಚ್ಚಿನ ಬಿಡ್ ಇದೆ’ ಅಂತ ಬರುತ್ತದೆ, 50 ಹಾಕುತ್ತಾನೆ, ಮತ್ತೆ ಅದೇ ಉತ್ತರ, 60, 70... ಸೋಲು ಕಂಡಷ್ಟೂ ಆಸೆ ಹೆಚ್ಚುತ್ತದೆ. ಕೊನೆಗೆ ಅವನು ಬಿಟ್ಟುಹೋಗುವಾಗ ನೀವು 52ಕ್ಕೆ ಪಡೆಯಬಹುದಾಗಿದ್ದ ಕಾರ್ಡು 110ಕ್ಕೆ ಬಂದು ನಿಂತಿರುತ್ತದೆ.

ಕೊನೆಯ 5ರಿಂದ 8 ಸೆಕೆಂಡಿನಲ್ಲಿ ಹಾಕಿದರೆ ಕೆದಕಲು ಅವನಿಗೆ ಸಮಯವೇ ಇರುವುದಿಲ್ಲ. ಈಬೇ ಹರಾಜು ಹೇಳಿದ ಸೆಕೆಂಡಿಗೆ ಮುಗಿಯುತ್ತದೆ, ಒಂದು ಕ್ಷಣವೂ ಮುಂದಕ್ಕೆ ಹೋಗುವುದಿಲ್ಲ. ಇದನ್ನೇ ಸ್ನೈಪ್ ಅನ್ನುವುದು. ಅಮೆರಿಕದ ಪಶ್ಚಿಮ ಕರಾವಳಿಯ ಮಾರಾಟಗಾರರು ತಮ್ಮ ಸಂಜೆ 6ರಿಂದ 9ರ ನಡುವೆ ಮುಗಿಯುವಂತೆ ಇಡುವುದು ರೂಢಿ. ಬೇಸಿಗೆ ಸಮಯದಲ್ಲಿ ಅದು ನಮಗೆ ಮಾರನೆಯ ಬೆಳಿಗ್ಗೆ 6.30ರಿಂದ 9.30, ಅವರ ಚಳಿಗಾಲದಲ್ಲಿ ಒಂದು ಗಂಟೆ ತಡ. ಫಿಲ್ಟರ್ ಕಾಫಿ ಇಳಿಯುವ ಹೊತ್ತು, ತೊಂದರೆಯಿಲ್ಲ. ಬ್ರಿಟನ್ನಿನ ಭಾನುವಾರ ರಾತ್ರಿ 8 ಗಂಟೆಯ ಹರಾಜು ಮಾತ್ರ ನಮಗೆ ನಡುರಾತ್ರಿ 12.30 ಅಥವಾ 1.30. ಜುಲೈ ತಿಂಗಳಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಆ ಹೊತ್ತಿನಲ್ಲಿ ಕರೆಂಟು, ಇಂಟರ್ನೆಟ್ ಎರಡನ್ನೂ ನಂಬುವ ಹಾಗಿಲ್ಲ. ಮನೆಯಿಂದ ಕೈಯಾರೆ ಸ್ನೈಪ್ ಮಾಡುವುದಕ್ಕಿಂತ, ಬೇರೆ ಸರ್ವರಿನಿಂದ ನಿಮ್ಮ ಪರವಾಗಿ ಬಿಡ್ ಹಾಕುವ ಸ್ನೈಪ್ ಸೇವೆಗೆ ಮಿತಿ ಬರೆದಿಟ್ಟು ಮಲಗುವುದೇ ವಾಸಿ.

ಮಿತಿಯನ್ನು ಬಿಡಿ ಸೆಂಟುಗಳಲ್ಲಿ ಮುಗಿಸಿ. ಎದುರಿನವನು ಚಿಲ್ಲರೆಯಿಲ್ಲದೆ 130 ಹಾಕಿದ್ದಾನೆ, ಪುಟದಲ್ಲಿ ಕಾಣುವ ಬೆಲೆ 126. ನೀವು 130 ಹಾಕಿದರೆ ಮೊದಲು ಹಾಕಿದವನಿಗೇ ಕಾರ್ಡು. 131.37 ಹಾಕಿದರೆ ನಿಮಗೆ, ಮತ್ತು ಪೂರ್ತಿ ಮೆಟ್ಟಿಲು ಹತ್ತಿ 132.50 ಕೊಡಬೇಕಾಗಿಲ್ಲ, ನಿಮ್ಮ ಮಿತಿಯಾದ 131.37 ಕೊಟ್ಟರೆ ಸಾಕು. ಸ್ನೈಪ್ ಮಂತ್ರದಂಡವೇನೂ ಅಲ್ಲ, ಇಬ್ಬರು ಸ್ನೈಪರುಗಳು ಎದುರಾದರೆ ಗೆಲ್ಲುವುದು ದೊಡ್ಡ ಮಿತಿಯೇ.

ಈಬೇಯ ನಿಜವಾದ ರೋಗ ಸುಳ್ಳು ಬಿಡ್, ಅಂದರೆ ಬೆಲೆ ಏರಿಸಲೆಂದೇ ಮಾರಾಟಗಾರನ ಕಡೆಯವರು ಹಾಕುವ ಬಿಡ್. ಬಿಡ್ ಇತಿಹಾಸ ತೆರೆದು, ಎದುರಿನವನ ಮೂವತ್ತು ದಿನಗಳ ವಿವರ ನೋಡಿ. ಇದೇ ಮಾರಾಟಗಾರನ ಬಳಿ ಹಾಕಿದ ಬಿಡ್‌ಗಳ ಪಾಲು ಶೇ 100 ಇದ್ದು, ಫೀಡ್‌ಬ್ಯಾಕ್ ಸೊನ್ನೆ ಅಥವಾ ಒಂದೆರಡು ಇದ್ದರೆ, ಎದ್ದು ಬನ್ನಿ. ದೊಡ್ಡ ಬಿಡ್ ಹಾಕಿ, ನಿಮ್ಮ ಮಿತಿ ತಿಳಿದುಕೊಂಡು, ಹಿಂತೆಗೆದುಕೊಂಡಿರುವ ಗುರುತೂ ಅಲ್ಲೇ ಇರುತ್ತದೆ. ಕೊನೆಯ 12 ಗಂಟೆಯಲ್ಲಿ ಹಾಕಿದ ಬಿಡ್ಡನ್ನು ಒಂದು ಗಂಟೆಯೊಳಗೆ ಮಾತ್ರ ಹಿಂತೆಗೆಯಬಹುದು. ಸ್ನೈಪ್ ಮಾಡುವವನಿಗೆ ಈ ಆಟ ತಾಗುವುದೇ ಇಲ್ಲ, ಕೆದಕಲು ಅವನ ಮಿತಿ ಅಲ್ಲಿ ಇರುವುದಿಲ್ಲವಲ್ಲ.

ಮಿತಿ ನಿರ್ಧರಿಸಲು ಈಬೇ ಹುಡುಕಾಟದಲ್ಲಿ ‘ಮಾರಾಟವಾದವು’ (ಸೋಲ್ಡ್ ಐಟಮ್ಸ್) ಅನ್ನುವ ಫಿಲ್ಟರ್ ಹಾಕಿ, ಅದೇ ಕಾರ್ಡಿನ, ಅದೇ ಸ್ಥಿತಿಯ ಐದು ಮಾರಾಟ ತೆಗೆದುಕೊಂಡು, ಮೇಲಿನದ್ದು ಮತ್ತು ಕೆಳಗಿನದ್ದು ಬಿಟ್ಟು ಉಳಿದ ಮೂರನ್ನು ನೋಡಿ. ಚೌಕಾಸಿ ಒಪ್ಪಿ ಮಾರಿದ ಕಾರ್ಡಿಗೆ ಈಬೇ ಹೊಡೆದುಹಾಕಿದ ಹಳೆ ಬೆಲೆಯನ್ನಷ್ಟೇ ತೋರಿಸುತ್ತದೆ, ನಿಜವಾಗಿ ಕೊಟ್ಟದ್ದು ಅದಕ್ಕಿಂತ ಕಡಿಮೆ. 2020–21ರ ಬೆಲೆಗಳನ್ನು ಯಾರಾದರೂ ಆಧಾರವಾಗಿ ತೋರಿಸಿದರೆ ನಗುತ್ತಾ ಮುಂದೆ ಹೋಗಿ. ಅದು ಲಾಕ್‌ಡೌನ್ ಕಾಲದ ಜ್ವರ. ಗ್ರೇಡಿಂಗ್ ಮಾಡುವ, ಅಂದರೆ ಕಾರ್ಡಿನ ಸ್ಥಿತಿಗೆ ಅಂಕ ಕೊಡುವ ಪಿಎಸ್ಎ ಸಂಸ್ಥೆಯೇ ಬಂದು ಬಿದ್ದ ಕಾರ್ಡುಗಳ ರಾಶಿ ತಾಳಲಾರದೆ 2021ರ ಮಾರ್ಚ್ ಕೊನೆಯಲ್ಲಿ ತನ್ನ ಹೆಚ್ಚಿನ ಸೇವೆಗಳ ಬಾಗಿಲು ಹಾಕಿತ್ತು.

ಹರಾಜು ಸಂಸ್ಥೆ: ನಿಧಾನ, ದುಬಾರಿ, ಆದರೆ

ಇಲ್ಲಿ ಸ್ನೈಪ್ ನಡೆಯುವುದಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಬಿಡ್ ಬಿದ್ದರೆ ಗಡಿಯಾರ ಮುಂದಕ್ಕೆ ಹೋಗುತ್ತದೆ, ಕೆಲವು ಕಡೆ 30 ನಿಮಿಷದವರೆಗೂ. ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 10 ಬೇಸಿಗೆ ಸಮಯದಲ್ಲಿ ನಮ್ಮ ಬೆಳಿಗ್ಗೆ 7.30, ಅವರ ಚಳಿಗಾಲದಲ್ಲಿ 8.30. ಅಲ್ಲಿಂದ ವಿಸ್ತರಣೆ ಶುರುವಾದರೆ ಮಧ್ಯಾಹ್ನದ ಊಟದವರೆಗೂ ಎಳೆಯಬಹುದು. ಎಷ್ಟೋ ಕಡೆ ಮೂಲ ಅವಧಿಯೊಳಗೆ ಆ ಲಾಟಿಗೆ ಒಂದಾದರೂ ಬಿಡ್ ಹಾಕಿದವರಿಗೆ ಮಾತ್ರ ವಿಸ್ತರಣೆಯಲ್ಲಿ ಪ್ರವೇಶ. ಕೊನೆಗೆ ನೋಡೋಣ ಅಂತ ಕುಳಿತವರು ಬಾಗಿಲಾಚೆಯೇ ಉಳಿಯುತ್ತಾರೆ. ಆದ್ದರಿಂದ ಮೊದಲ ದಿನವೇ ಒಂದು ಸಣ್ಣ ಬಿಡ್ ಹಾಕಿ ಕಾಲೂರಿ, ವಿಸ್ತರಣೆಯಲ್ಲಿ ಪೂರ್ತಿ ಮಿತಿ ಹಾಕಿ.

ನಮ್ಮ ಅಂದಾಜಿನಲ್ಲಿ 500 ಡಾಲರಿನ ಕೆಳಗಿನ ಕಾರ್ಡಿಗೆ ಈ ದಾರಿ ಬೇಡ. ಪ್ರೀಮಿಯಂ ಮತ್ತು ದುಬಾರಿ ಸಾಗಣೆ ಎರಡೂ ಸೇರಿ ತಿಂದುಹಾಕುತ್ತವೆ. ಒಂದು ವಿನಾಯಿತಿ ಇದೆ: ಬ್ರಿಟನ್ನಿನ ಸಣ್ಣ ಹರಾಜುಗಳಲ್ಲಿ ಆಲ್ಬಮ್ಮಿಗೆ ಆಲ್ಬಮ್ಮೇ ಒಂದು ಲಾಟಾಗಿ ಬರುತ್ತದೆ. ಅದರಲ್ಲಿ ಹೂವು, ಹಡಗು, ರೈಲುಗಳ ಸರಣಿಗಳ ನಡುವೆ ಒಂದು ಕ್ರಿಕೆಟ್ ಸರಣಿ ಅಡಗಿದ್ದರೆ, ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ತೂಕ ಮಾತ್ರ ಮೊದಲೇ ಕೇಳಿ, ಎರಡು ಕಿಲೋ ಆಲ್ಬಮ್ಮಿನ ವಿಮಾನ ಸಾಗಣೆ ಲಾಟಿನ ಬೆಲೆಯನ್ನೇ ಮೀರುವುದುಂಟು. ಸಂಸ್ಥೆಯ ಹೆಸರು ದೊಡ್ಡದೆಂದು ಕಣ್ಣು ಮುಚ್ಚುವ ಹಾಗೂ ಇಲ್ಲ. ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ, ಟಿ206 ಎಂಬ ಸಿಗರೇಟ್ ಸರಣಿಯ, ಜಗತ್ತಿನಲ್ಲೇ ಅತಿ ಪ್ರಸಿದ್ಧವಾದ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದಾಗಿ 2013ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಪ್ಪಿಕೊಂಡವನು ಒಬ್ಬ ಹೆಸರಾಂತ ಹರಾಜುಗಾರನೇ.

ವಾಟ್ಸಾಪ್ ಗ್ರೂಪ್

ಸುಂಕವಿಲ್ಲ, ಪ್ರೀಮಿಯಮ್ಮಿಲ್ಲ, ಯುಪಿಐಯಲ್ಲಿ ಹಣ, ಸ್ಪೀಡ್ ಪೋಸ್ಟಿನಲ್ಲಿ ಕಾರ್ಡು. ಬಿಗ್ ಫನ್ ಕಾರ್ಡಿಗೆ ಇದಕ್ಕಿಂತ ಬೇರೆ ಜಾಗವೇ ಇಲ್ಲ. ರನ್ನು, ವಿಕೆಟ್ಟು ಕೂಡಿಸಿ ಉಡುಗೊರೆ ಪಡೆಯಲೆಂದು ಮಕ್ಕಳು ಕೂಡಿಟ್ಟ ಕಾರ್ಡುಗಳು ಇವು, ಚಡ್ಡಿ ಜೇಬಿನಲ್ಲಿ ಮೂಲೆ ಸವೆದಿರುವುದೇ ಹೆಚ್ಚು. ನಂಬಬಹುದಾದ ಬೆಲೆಪಟ್ಟಿ ಇಲ್ಲ, ಬೆಲೆ ಅಂದರೆ ಆ ರಾತ್ರಿ ಎದುರುಬದುರಾದ ಇಬ್ಬರ ಹಟ. ಹಾಸನದ ಇಬ್ಬರು ಜಾವಗಲ್ ಶ್ರೀನಾಥ್ ಕಾರ್ಡಿಗೆ ನಿಂತರೆ ಬೆಲೆ ಊರಭಿಮಾನದ ಮೇಲೆ ಹೋಗುತ್ತದೆ.

ಇಲ್ಲಿ ಗರಿಷ್ಠ ಮಿತಿ ಬರೆದಿಡುವ ವ್ಯವಸ್ಥೆ ಇಲ್ಲ, ಕೂಗಿದ್ದೇ ಕೊಡಬೇಕು. ಅಂದರೆ ಮತ್ತೆ ಕೊಬ್ಬರಿ ಟೆಂಡರಿನ ಬುದ್ಧಿಯೇ ಬೇಕು. ಜಗಳ ಹುಟ್ಟುವುದು ಕೊನೆಯ ನಿಮಿಷದಲ್ಲಿ. ಫೋನು ನಿಮಿಷ ತೋರಿಸುತ್ತದೆ, ಸೆಕೆಂಡು ತೋರಿಸುವುದಿಲ್ಲ. 9.59ಕ್ಕೆ ಒಬ್ಬ 850 ಅಂದ, ಇನ್ನೊಬ್ಬನೂ 850 ಅಂದ. ನೆಟ್‌ವರ್ಕ್ ಕುಂಟುವ ಕಡೆ ಒಬ್ಬರ ಫೋನಿನಲ್ಲಿ ಒಂದು ಮೊದಲು, ಇನ್ನೊಬ್ಬರಲ್ಲಿ ಮತ್ತೊಂದು ಮೊದಲು. ‘ಅಡ್ಮಿನ್ ಫೋನಿನಲ್ಲಿ ಕಂಡದ್ದೇ ಅಂತಿಮ, ಕೊನೆಯ ಬಿಡ್ಡಿನಿಂದ ಐದು ನಿಮಿಷ ಮೌನವಾದರೆ ಮುಗಿಯಿತು’ ಎಂಬ ನಿಯಮ ಬರೆದು ಹಾಕದ ಗ್ರೂಪಿನಲ್ಲಿ 500 ರೂಪಾಯಿ ಮೇಲೆ ಕೂಗಬೇಡಿ. ಬಿಡ್ ಹಾಕಿ ಕಾಣೆಯಾಗುವವರು ಇಲ್ಲಿ ಧಾರಾಳ. ಗೆದ್ದವನು ಬಿಟ್ಟ ಕಾರ್ಡನ್ನು ನಿಮಗೆ ಕೊಡಲು ಬಂದರೆ ನಿಮ್ಮ ಕೊನೆಯ ಬಿಡ್ಡಿಗೆ ಒಪ್ಪಬೇಡಿ, ಓಡಿಹೋದವನು ಬರುವ ಮೊದಲಿದ್ದ ನಿಮ್ಮ ಬಿಡ್ಡಿಗೆ ಕೇಳಿ. ಕಾರ್ಡಿನ ಹಿಂಬದಿಯ ಫೋಟೊ ಇಲ್ಲದಿದ್ದರೆ ಕೂಗಲೇಬೇಡಿ.

ಈ ಗ್ರೂಪುಗಳಲ್ಲಿ ವಿಲ್ಸ್ 1896 ಅಂತ ಬರುವ ಕಾರ್ಡಿನ ಬಗ್ಗೆ ಮಾತ್ರ ಎಚ್ಚರ. ಬ್ರಿಟನ್ನಿನಲ್ಲಿ ಹಳೆ ಸರಣಿಗಳನ್ನು ಎಷ್ಟೋ ಬಾರಿ ಮರುಮುದ್ರಿಸಿದ್ದಾರೆ. ಹಿಂಬದಿಯಲ್ಲಿ ಮರುಮುದ್ರಣ ಎಂದು ಬರೆದಿರುವ ಸಾಲನ್ನು ಉಜ್ಜಿ ತೆಗೆದು ಮಾರುವವರಿದ್ದಾರೆ. ಹತ್ತುಪಟ್ಟು ಭೂತಗಾಜಿನಲ್ಲಿ ಮುಖ ನೋಡಿ: ಹಳೆ ಕಲ್ಲಚ್ಚಿನಲ್ಲಿ ಚುಕ್ಕಿಗಳು ಅಡ್ಡಾದಿಡ್ಡಿ, ಮರುಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ರಂಗೋಲಿಯ ಎಳೆಯಂತೆ ಸಾಲಾಗಿ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿನ ಬೆಳಕು ಹಾಯಿಸಿ ನೋಡಿ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಕಾಗದ ಮಂಕಾಗಿರುತ್ತದೆ, ಬಿಳುಪುಕಾರಕ ಬೆರೆಸಿದ ಆಮೇಲಿನ ಕಾಗದ ನೀಲಿಯಾಗಿ ಹೊಳೆಯುತ್ತದೆ. ಅಳತೆ ಸುಮಾರು 36 × 67 ಮಿಲಿಮೀಟರ್. ಅದೇ ಸರಣಿಯ ಇನ್ನೊಂದು ಕಾರ್ಡಿನ ಮೇಲಿಟ್ಟಾಗ ಒಂದು ಬದಿ ಮಾತ್ರ ಅರ್ಧ ಮಿಲಿಮೀಟರ್ ಗಿಡ್ಡವಿದ್ದು, ಆ ಅಂಚು ಉಳಿದ ಮೂರಕ್ಕಿಂತ ಬೆಳ್ಳಗಿದ್ದರೆ ಕತ್ತರಿ ಆಡಿದೆ.

ಕಾರ್ಡು ಬಂದಮೇಲೆ

ಪ್ಲೇಯರ್‌ನ 1930ರ ದಶಕದ ಕೊನೆಯ ಹಲವು ಸರಣಿಗಳ ಹಿಂಬದಿಗೆ, ಆಲ್ಬಮ್ಮಿಗೆ ಅಂಟಿಸಲೆಂದು, ಒಣ ಗೋಂದು ಬಳಿದಿರುತ್ತದೆ. ಅರಸೀಕೆರೆಯ ಒಣಹವೆಯಲ್ಲಿ ಅದರಿಂದ ಉಪದ್ರವವಿಲ್ಲ. ಚಿಕ್ಕಮಗಳೂರು, ಕೊಟ್ಟಿಗೆಹಾರ ಕಡೆ ಆಷಾಢದ ತೇವಕ್ಕೆ ಆ ಗೋಂದು ಮೆತ್ತಗಾಗಿ ಪ್ಲಾಸ್ಟಿಕ್ ಕವರಿಗೆ ಕಚ್ಚಿಕೊಳ್ಳುತ್ತದೆ. ಎಳೆದರೆ ಬರಹ ಕವರಿನಲ್ಲೇ ಉಳಿಯುತ್ತದೆ, ಐವತ್ತು ಡಾಲರಿನ ಕಾರ್ಡು ಐದು ಡಾಲರಿನದ್ದಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಕಾರ್ಡಿಗೆ ಬಿಡ್ ಹಾಕದಿರುವುದೇ ಒಳ್ಳೆಯದು. ಹಾಕಿದರೂ ಕವರಿಗೆ ತುಂಬುವ ಮೊದಲು ಹಿಂಬದಿಗೆ ಆಮ್ಲರಹಿತ ಕಾಗದದ ಒಂದು ತುಂಡು ಸೇರಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ. ಜೆಲ್‌ನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಆ ಬಾಣಲೆಯನ್ನು ಮಾತ್ರ ಮತ್ತೆ ಅಡುಗೆಗೆ ಬಳಸಬೇಡಿ. ಈಗಾಗಲೇ ಅಂಟಿಕೊಂಡಿದ್ದರೆ ಎಳೆಯಲು ಹೋಗದೆ, ಡಿಸೆಂಬರಿನ ಒಣಗಾಳಿ ಬರುವವರೆಗೆ ಹಾಗೆಯೇ ಬಿಡಿ.