ಎಚ್‌ಎಸ್‌ಎಸ್ ಅಂತ ಹೇಳಿ ಮೈಲ್ಡ್ ಸ್ಟೀಲ್ ಮಾರುತ್ತಾರೆ, ಹುಷಾರು

ಲೇತ್‌ನಲ್ಲಿ ಮರ ಕಡೆಯಲು ತಮ್ಮ ಉಳಿ ತಾವೇ ಮಾಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್, ಉಳಿ ಮಾಡುವ ಗಡಸು ಉಕ್ಕು) ಅಂತ ಹೇಳಿ ಬರೀ ಮೈಲ್ಡ್ ಸ್ಟೀಲ್ (ಮೆತ್ತನೆಯ ಸಾದಾ ಉಕ್ಕು) ಪಟ್ಟಿ ಮಾರಿದ್ದಾರೆ. ಕೇಳಿದರೆ ತಪ್ಪೆಲ್ಲ ನನ್ನದೇ ಅಂತೆ. ಇನ್ನೂ ಸಿಟ್ಟು ಇಳಿದಿಲ್ಲ.

ನನಗೆ ಬೇಕಾಗಿದ್ದು ಬಟ್ಟಲಿನ ಒಳಮೈ ಕೆರೆಯಲು ಒಂದು ದಪ್ಪ ಸ್ಕ್ರೇಪರ್. ಕೊಳ್ಳುವ ಮುಂಚೆಯೇ ಬಿಡಿಸಿ ಕೇಳಿದ್ದೆ: ಇದು ಎಂ2 ದರ್ಜೆಯ ಹೈ ಸ್ಪೀಡ್ ಸ್ಟೀಲ್ ಹೌದಾ, ಹದ ಹಾಕಿದ್ದಾ (ಅಂದರೆ ಕಾಯಿಸಿ ತಣಿಸಿ ಗಡಸು ಮಾಡಿದ್ದಾ)? "ಹೌದು ಸರ್, ಹದ ಹಾಕಿರೋದೇ. ಸಾಣೆ ಹಿಡಿದು ಹಿಡಿ ಕೂರಿಸಿದರೆ ಮುಗೀತು" ಅಂದರು. ಪಟ್ಟಿಯ ತುದಿಗೆ ಎಚ್‌ಎಸ್‌ಎಸ್ ಅಂತ ಅಚ್ಚೂ ಇತ್ತು. ದುಡ್ಡೂ ಎಚ್‌ಎಸ್‌ಎಸ್ ದರದಲ್ಲೇ ತೆಗೆದುಕೊಂಡರು.

ಗ್ರೈಂಡರ್‌ಗೆ ಹಿಡಿದ ಕೂಡಲೇ ಅನುಮಾನ ಬಂತು. ಎಚ್‌ಎಸ್‌ಎಸ್ ಕಿಡಿ ಮಂಕು, ಕೆಂಪು, ಗಿಡ್ಡ. ಹೆಚ್ಚು ಕವಲೊಡೆಯೋದಿಲ್ಲ. ಇಲ್ಲಿ ನೋಡಿದರೆ ಉದ್ದುದ್ದ ಹಳದಿ ಗೆರೆಗಳು. ಆದರೂ ಅಚ್ಚು ಇದೆಯಲ್ಲ ಅಂತ ಬಾಯಿ ತೆಗೆದು ಮರಕ್ಕೆ ತಾಗಿಸಿದೆ. ಒಂದಿಷ್ಟು ಸಿಪ್ಪೆ ಬಂತು, ಆಮೇಲೆ ಬರೀ ಪುಡಿ. ಲೇತ್ ನಿಲ್ಲಿಸಿ ನೋಡಿದರೆ ಉಳಿಯ ಬಾಯಿ ಮಡಚಿಕೊಂಡಿದೆ. ಚೂರು ಹಾರಿದ್ದಲ್ಲ, ಸವೆದಿದ್ದೂ ಅಲ್ಲ, ತಗಡಿನ ಹಾಗೆ ಮಡಚಿಕೊಂಡಿದೆ! ಅರ ತಂದು ಉಜ್ಜಿದೆ. ಹದವಾದ ಉಕ್ಕಿನ ಮೇಲೆ ಅರ ಜಾರಬೇಕು ಅಲ್ವಾ? ಇಲ್ಲಿ ಚೆನ್ನಾಗಿ ಕಚ್ಚಿಕೊಂಡು ಪುಡಿ ಉದುರಿಸಿತು. ವೈಸ್‌ಗೆ ಹಾಕಿ ಸುತ್ತಿಗೆಯಲ್ಲಿ ಹೊಡೆದೆ. ಬಾಗಿತು. ಬಾಗಿ ಹಾಗೇ ನಿಂತಿತು. (ನೀವು ಹೊಡೆಯಲು ಹೋಗಬೇಡಿ. ಅಪ್ಪಿತಪ್ಪಿ ಅಸಲಿ ಎಚ್‌ಎಸ್‌ಎಸ್ ಆಗಿದ್ದರೆ ಚೂರಾಗಿ ಕಣ್ಣಿಗೆ ಹಾರುತ್ತದೆ.) ಆ ಸೊಟ್ಟ ಪಟ್ಟಿ ನೋಡಿದಾಗ ಆದ ಅವಮಾನ ಹೇಳಲು ಆಗೋದಿಲ್ಲ.

ಫೋನ್ ಮಾಡಿದೆ. ಮೊದಲ ಉತ್ತರ: "ಗ್ರೈಂಡರ್‌ನಲ್ಲಿ ಸುಟ್ಟಿದ್ದೀರಿ ಸರ್, ನೀಲಿ ಬಂದರೆ ಹದ ಹೋಗುತ್ತೆ." ಈ ಮಾತಿಗೇ ನನಗೆ ಜಾಸ್ತಿ ಉರಿದದ್ದು. ನೀಲಿ ಬಂದರೆ ಹದ ಹೋಗೋದು ಕಾರ್ಬನ್ ಸ್ಟೀಲ್‌ಗೆ. ಅಲ್ಲಿ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ನೀಲಿ ಬಂತು ಅಂದರೆ ಆ ಜಾಗ ಮೆತ್ತಗಾಯ್ತು ಅಂತಲೇ ಅರ್ಥ. ಎಚ್‌ಎಸ್‌ಎಸ್‌ನಲ್ಲಿ ಟಂಗ್‌ಸ್ಟನ್, ಮಾಲಿಬ್ಡಿನಮ್ ಬೆರೆಸೋದೇ ಕಾಯ್ದರೂ ಗಡಸು ಉಳಿಯಲಿ ಅಂತ. ಅದು ಸುಮಾರು 600 ಡಿಗ್ರಿವರೆಗೂ ತಡೆಯುತ್ತದೆ. ಅಂದರೆ ತಾನು ಮಾರಿದ್ದು ಎಚ್‌ಎಸ್‌ಎಸ್ ಅಲ್ಲ ಅಂತ ಆ ಮನುಷ್ಯ ತನ್ನ ಬಾಯಲ್ಲೇ ಒಪ್ಪಿಕೊಂಡ ಹಾಗಾಯ್ತು. ಅದನ್ನೇ ಹೇಳಿದೆ. ಕೂಡಲೇ ಮಾತು ತಿರುಗಿತು. "ಇದು ಟೂಲ್ ಸ್ಟೀಲ್ ಸರ್, ಹದ ನೀವೇ ಹಾಕಿಕೊಳ್ಳಬೇಕು." ಹದ ಹಾಕಿರೋದೇ ಅಂದಿದ್ದು ಯಾರು ಹಾಗಾದರೆ?

ಸರಿ, ಅದನ್ನೂ ನೋಡಿಬಿಡೋಣ ಅಂತ ಕೆಂಪಗೆ ಕಾಯಿಸಿದೆ. ಅಯಸ್ಕಾಂತ ಹಿಡಿಯೋದು ಬಿಡುವವರೆಗೆ, ಅಂದರೆ 770 ಡಿಗ್ರಿ, ಅದರ ಮೇಲೆ ಇನ್ನೂ ಸ್ವಲ್ಪ. ಎಣ್ಣೆಯಲ್ಲಿ ಅದ್ದಿದೆ. ಮತ್ತೆ ಕಾಯಿಸಿ ನೀರಲ್ಲೂ ಅದ್ದಿದೆ. ಅರ ಕಚ್ಚುತ್ತಲೇ ಇದೆ. ಕಾರ್ಬನ್ ತೀರಾ ಕಡಿಮೆ ಇರುವ ಕಬ್ಬಿಣ ಎಲ್ಲಿಂದ ಗಡಸಾಗಬೇಕು? ಅದಕ್ಕೂ ಉತ್ತರ ರೆಡಿ ಇತ್ತು: "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಸರ್." ಕೊನೆಗೆ ಬಂದ ಸಲಹೆ ಕೇಳಿ: "ಅಷ್ಟು ಗಡಸು ಬೇಕು ಅಂದರೆ ಹಳೇ ಅರ ಉಜ್ಜಿ ಉಳಿ ಮಾಡಿಕೊಳ್ಳಿ."

ಇದನ್ನು ಮಾತ್ರ ಯಾರೂ ಕೇಳಬೇಡಿ. ಅರ ಗಡಸು ನಿಜ, ಆದರೆ ಗಾಜಿನಂತೆ ಪೆಡಸು. 30 ಸೆಂಟಿಮೀಟರ್ ಅಗಲದ ಬಟ್ಟಲು ನಿಮಿಷಕ್ಕೆ 800 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 12 ಮೀಟರ್‌ಗಿಂತ ಜಾಸ್ತಿ ಓಡುತ್ತಿರುತ್ತದೆ. ಟೂಲ್ ರೆಸ್ಟ್‌ನಿಂದ (ಉಳಿ ಊರುವ ಆಸರೆ) ಆಚೆ ಚಾಚಿದ ಉಳಿ ಮರದಲ್ಲಿ ಸಿಕ್ಕಿಕೊಂಡರೆ ಅರ ಪಟ್ಟನೆ ಮುರಿದು ಮುಖಕ್ಕೇ ಬರುತ್ತದೆ. ದುಡ್ಡು ಹೋಗಿದ್ದು ಬಿಡಿ, ಗಿರಾಕಿಗೆ ಇಂಥ ಮಾತು ಹೇಳುತ್ತಾರಲ್ಲ!

ನನ್ನ ಮಾತು ಇಷ್ಟೇ. ಬರೀ ಸಾಣೆ ಹಿಡಿದು ಬಳಸೋದಾದರೆ ಹದವಾದ ಎಚ್‌ಎಸ್‌ಎಸ್ ತಗೊಳ್ಳಿ, ಅದಕ್ಕೆ ಮನೆಯಲ್ಲಿ ಹದ ಹಾಕಲು ಆಗೋದಿಲ್ಲ, 1200 ಡಿಗ್ರಿ ಹತ್ತಿರ ಕಾಯಿಸಬೇಕು. ನೀವೇ ಕಾಯಿಸಿ ಹದ ಹಾಕುವವರಾದರೆ ಒ1 ಅಥವಾ ಸಿಲ್ವರ್ ಸ್ಟೀಲ್ ತಗೊಳ್ಳಿ, ಎರಡೂ ಕಾರ್ಬನ್ ಹೆಚ್ಚಿರುವ ಟೂಲ್ ಸ್ಟೀಲ್. ಕಾರ್ಬೈಡ್ ಇನ್ಸರ್ಟ್ (ಮರ ಕೊಯ್ಯುವ ಅತಿ ಗಡಸು ಬಿಡಿ ತುಣುಕು) ಕೂರಿಸುವ ದಂಡಕ್ಕೆ ಮೈಲ್ಡ್ ಸ್ಟೀಲೇ ಸಾಕು, ಆದರೆ ಅದನ್ನು ಅದರ ಹೆಸರಲ್ಲೇ, ಅದರ ಬೆಲೆಗೇ ಮಾರಲಿ. ಅಚ್ಚು ನಂಬಬೇಡಿ. ಅಚ್ಚು ಯಾರು ಬೇಕಾದರೂ ಹೊಡೀಬಹುದು. ದುಡ್ಡು ಕೊಡುವ ಮುಂಚೆ ಕೊಯ್ದ ತುದಿಯ ಮೇಲೆ ಅರ ಎಳೆದು ನೋಡಿ, ಗ್ರೈಂಡರ್ ಇದ್ದರೆ ಕಿಡಿ ನೋಡಿ. ಪರೀಕ್ಷೆ ಬೇಡ ಅಂತ ಮಾರುವವರು ಅಂದರೆ ಸುಮ್ನೆ ಎದ್ದು ಬನ್ನಿ.

ನನ್ನ ಫೋನ್ ಈಗ ಎತ್ತುತ್ತಿಲ್ಲ. ಅದೇ ಪಟ್ಟಿ, ಅದೇ ಅಚ್ಚು, ಇವತ್ತಿಗೂ ಎಚ್‌ಎಸ್‌ಎಸ್ ಅಂತಲೇ ಮಾರುತ್ತಿದ್ದಾರೆ.