ಸೆಸಿಲ್ ಕೋರ್ಟ್‌ನ ಹಳೇ ಪ್ರಿಂಟ್ ಅಂಗಡಿ: ಬಾಯ್ಡೆಲ್ ಶೀಟ್ ಹುಡುಕೋರಿಗೆ

ಲಂಡನ್ನಲ್ಲಿ ಚಾರಿಂಗ್ ಕ್ರಾಸ್ ರೋಡಿಂದ ಸೇಂಟ್ ಮಾರ್ಟಿನ್ಸ್ ಲೇನ್‌ಗೆ ದಾಟೋ ಗಲ್ಲಿ ಸೆಸಿಲ್ ಕೋರ್ಟು, ಹಳೇ ಪುಸ್ತಕ, ಮ್ಯಾಪು, ಪ್ರಿಂಟಿನ ಅಂಗಡಿಗಳ ಸಾಲು. ನಾಟಕದ ದೃಶ್ಯಗಳ ಹಳೇ ಎನ್‌ಗ್ರೇವಿಂಗ್ (ತಾಮ್ರದ ಪ್ಲೇಟಲ್ಲಿ ಕೆತ್ತಿ ಒತ್ತಿದ ಪ್ರಿಂಟ್) ಸೇರಿಸೋ ಹುಚ್ಚಿದ್ರೆ ಇಲ್ಲಿಗೆ ಬರಲೇಬೇಕು. ನಾನು ಹೋದ ಅಂಗಡಿ ಚಿಕ್ಕದು, ಆದ್ರೆ ಒಳಗಿರೋ ಅಗಲ ಡ್ರಾಯರ್‌ಗಳಲ್ಲಿ ಬಾಯ್ಡೆಲ್ ಶೀಟ್‌ಗಳು ನಾಟಕದ ಪ್ರಕಾರ ಜೋಡಿಸಿಟ್ಟಿದಾರೆ, ಅದನ್ನ ನೋಡಿನೇ ಖುಷಿಯಾಯ್ತು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಜಾನ್ ಬಾಯ್ಡೆಲ್ ಅಂತ ಲಂಡನ್ನಿನ ಪ್ರಿಂಟ್ ವ್ಯಾಪಾರಿ, ರೆನಾಲ್ಡ್ಸ್, ಫ್ಯೂಸೆಲಿ, ರಾಮ್ನಿ, ವೆಸ್ಟ್ ಥರದೋರ ಕೈಲಿ ಶೇಕ್ಸ್‌ಪಿಯರ್ ದೃಶ್ಯಗಳನ್ನ ಪೇಂಟ್ ಮಾಡಿಸಿ 1789ರಲ್ಲಿ ಪಾಲ್ ಮಾಲ್‌ನಲ್ಲಿ ಗ್ಯಾಲರಿನೇ ತೆರೆದ, ದುಡ್ಡು ಬರಬೇಕಿದ್ದಿದ್ದು ಮಾತ್ರ ಅವುಗಳ ಪ್ರಿಂಟಿಂದ. ಅಷ್ಟರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ ಯುರೋಪಿನ ಮಾರ್ಕೆಟ್ ಹೋಯ್ತು, ಸಾಲ ಏರ್ತು, ಕೊನೆಗೆ ಲಾಟರಿ ಇಟ್ಟ, 22,000 ಟಿಕೆಟ್ ಖರ್ಚಾದ್ವು, ಆದ್ರೆ ಡ್ರಾ ಆಗೋಕ್ಕೆ ಮುಂಚೆ 1804ರ ಡಿಸೆಂಬರಲ್ಲಿ ತೀರಿಕೊಂಡ. ಮಾರನೇ ವರ್ಷ ಪೇಂಟಿಂಗ್‌ಗಳು ಹರಾಜಾಗಿ ಚೆಲ್ಲಾಪಿಲ್ಲಿ, ಎಷ್ಟೋ ಈಗ ಉಳಿದೇ ಇಲ್ಲ. ಹಂಗಾಗಿ ಆ ಚಿತ್ರಗಳು ಹೆಂಗಿದ್ವು ಅಂತ ನೋಡೋಕೆ ನಮಗಿರೋದು ಈ ಪ್ರಿಂಟ್‌ಗಳೇ, ನನಗಂತೂ ಇವುಗಳ ಮೇಲೆ ಇಷ್ಟು ಪ್ರೀತಿ ಅದಕ್ಕೇ.

ನಾನು ತಗೊಂಡಿದ್ದು ಹ್ಯಾಮ್ಲೆಟ್, ಒಂದನೇ ಅಂಕ ನಾಲ್ಕನೇ ದೃಶ್ಯ. ಫ್ಯೂಸೆಲಿ ಚಿತ್ರ, ರಾಬರ್ಟ್ ಥ್ಯೂ ಕೆತ್ತನೆ, 1796. ಅಪ್ಪನ ಪ್ರೇತ ದೊಡ್ಡ ಹೆಜ್ಜೆ ಹಾಕ್ತಾ ನಿಂತಿದೆ, ಹ್ಯಾಮ್ಲೆಟ್‌ನನ್ನ ಗೆಳೆಯರು ಹಿಡಿದು ಎಳೀತಿದಾರೆ. ಮೊಬೈಲಲ್ಲಿ ನೋಡಿದ್ರೆ ಇದರ ಜೋರು ಗೊತ್ತಾಗಲ್ಲ, ಉದ್ದ ಸುಮಾರು ಎರಡು ಅಡಿ, ಹತ್ರ ಹೋದ್ರೆ ನೆರಳೆಲ್ಲ ಸಣ್ಣ ಸಣ್ಣ ಚುಕ್ಕೆ ಮತ್ತೆ ಗೆರೆ.

ಅಂಗಡಿಯವರಿಗೆ ಪೂರ್ತಿ ಮಾರ್ಕ್ಸ್ ಕೊಡೋದು ಒಂದು ವಿಷಯಕ್ಕೆ. ಬಾಯ್ಡೆಲ್‌ನ ತಾಮ್ರದ ಪ್ಲೇಟ್‌ಗಳು ಆಮೇಲೆ ಅಮೆರಿಕಕ್ಕೆ ಹೋಗಿ, ಅಲ್ಲಿ ತಿದ್ದಿ 1852ರಲ್ಲಿ ಮತ್ತೆ ಪ್ರಿಂಟ್ ಹಾಕಿದ್ರು, ಬಾಯ್ಡೆಲ್ ಅಂತ ಮಾರೋ ಶೀಟ್‌ಗಳಲ್ಲಿ ಅವೂ ಇರ್ತವೆ. ಇವರು ನಾನು ಕೇಳೋಕ್ಕೆ ಮುಂಚೆನೇ ಯಾವ್ದು ಲಂಡನ್ ಯಾವ್ದು ಅಮೆರಿಕ ಅಂತ ಬೇರೆ ಮಾಡಿ, ಮೌಂಟಿಂದ (ಪ್ರಿಂಟ್ ಸುತ್ತ ಹಾಕೋ ರಟ್ಟು) ಹೊರಗೆ ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದ್ರು. ಈ ಚುಕ್ಕೆ ಕೆಲಸದ ಪ್ಲೇಟ್ ಬೇಗ ಸವೀತದೆ, ಮುಖದ ನೆರಳು ಮಾಸಿದ್ರೆ ತಡವಾಗಿ ತೆಗೆದ ಪ್ರತಿ ಅಂತ ತಿಳ್ಕೊಳ್ಳಿ. ಹಿಂದೆ ಒಂದ್ಸಲ ಬೇರೆ ಕಡೆ ಆನ್‌ಲೈನಲ್ಲಿ ತರಿಸಿದ್ದು ಫ್ರೇಮ್ ಬಿಚ್ಚಿದ್ರೆ ಹಿಂದುಗಡೆ ಪೂರ್ತಿ ರಟ್ಟಿಗೆ ಅಂಟಿಸಿಬಿಟ್ಟಿದ್ರು, ಅದಕ್ಕೇ ಶೀಟಿನ ಹಿಂಭಾಗ ತೋರಿಸದವರ ಹತ್ರ ತಗೋಬೇಡಿ.

ಬಣ್ಣ ಹಾಕಿರೋ ಪ್ರತಿಗಳಿಗೆ ರೇಟ್ ಜಾಸ್ತಿ, ಆದ್ರೆ ಎಷ್ಟೋ ಸಲ ಆ ಬಣ್ಣ ಆಮೇಲೆ ಯಾರೋ ಹಚ್ಚಿರೋದು, ನನ್ನ ಕೇಳಿದ್ರೆ ಕಪ್ಪು ಬಿಳುಪೇ ವಾಸಿ. ಇನ್ನೊಂದು, ಇವೆಲ್ಲ ಪೇಂಟರ್ ನಾಟಕ ಓದಿ ಕಲ್ಪಿಸಿಕೊಂಡ ದೃಶ್ಯಗಳು, ರಂಗದ ಮೇಲೆ ಕಂಡಿದ್ದಲ್ಲ. ನಿಜವಾದ ನಟ ಬೇಕು ಅಂದ್ರೆ ಹೊಗಾರ್ತ್‌ನ 1746ರ ಪ್ರಿಂಟ್ ಕೇಳಿ, ಮೂರನೇ ರಿಚರ್ಡ್ ಪಾತ್ರದಲ್ಲಿ ಗ್ಯಾರಿಕ್ ಕೆಟ್ಟ ಕನಸಿಂದ ಎದ್ದು ಕೈ ಮುಂದೆ ಚಾಚಿರೋದು. ನಾನು ಹೋದಾಗ ಅದು ಇವರ ಹತ್ರ ಇರಲಿಲ್ಲ.

ಇಷ್ಟ ಆಗದೇ ಇದ್ದಿದ್ದು ಪ್ಯಾಕಿಂಗ್. ಬೆಂಗಳೂರಿಗೆ ಕಳಿಸಿ ಅಂದಿದ್ದಕ್ಕೆ ಮೊದ್ಲು ಸುತ್ತಿ ಟ್ಯೂಬಲ್ಲಿ ಹಾಕ್ತೀವಿ ಅಂದ್ರು, ಇನ್ನೂರು ವರ್ಷದ ಪೇಪರ್ ಸುತ್ತಬೇಡಿ ಅಂತ ಹೇಳಿ ಎರಡು ಗಟ್ಟಿ ಬೋರ್ಡ್ ಮಧ್ಯ ಚಪ್ಪಟೆಯಾಗಿ ಇಡಿಸಿದೆ, ಚಾರ್ಜ್ ಜಾಸ್ತಿಯಾಯ್ತು, ಆದ್ರೆ ಒಂದು ಮಡಿಕೆನೂ ಇಲ್ದೆ ಬಂತು. ಕೆಳಗಿನ ಡ್ರಾಯರಲ್ಲಿ ವೆಸ್ಟ್ ಬರೆದು ವಿಲಿಯಂ ಶಾರ್ಪ್ ಕೆತ್ತಿದ ಕಿಂಗ್ ಲಿಯರ್ ನಾಟಕದ ಬಿರುಗಾಳಿ ದೃಶ್ಯ ಇತ್ತು, ಮಾರ್ಜಿನ್ ಕತ್ತರಿಸಿದಾರೆ ಅಂತ ಕಡಿಮೆ ರೇಟು, ಕೆತ್ತನೆ ಮಾತ್ರ ಗರಿಗರಿ. ಆ ಕಡೆ ಹೋಗೋರು ಅದನ್ನ ಕೇಳಿ ನೋಡಿ.