ನಾಲ್ಕು ವರ್ಷ ಬಳಸಿದ ಸಿಪಿ2102 ಸೀರಿಯಲ್ ಅಡಾಪ್ಟರ್: ತುಮಕೂರಿನ ಲ್ಯಾಬ್‌ನಿಂದ

ತುಮಕೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 10 ಬೀಗಲ್‌ಬೋನ್ ಬ್ಲಾಕ್ ಬೋರ್ಡುಗಳಿವೆ, ಅಂದರೆ ಅಂಗೈಯಗಲದ ಪುಟ್ಟ ಲಿನಕ್ಸ್ ಕಂಪ್ಯೂಟರ್‌ಗಳು. ಮೊದಲು ಎಲ್ಲವೂ ಮೆಮೊರಿ ಕಾರ್ಡಿನಿಂದ ಬೂಟ್ ಆಗುತ್ತಿದ್ದವು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ಒಂದೋ ಎರಡೋ ಕಾರ್ಡ್ ಕೆಟ್ಟಿರುತ್ತಿತ್ತು. ಮತ್ತೆ ಮತ್ತೆ ಕಾರ್ಡ್ ಬರೆದು ಸಾಕಾಯಿತು. ಎಲ್ಲವನ್ನೂ ನೆಟ್‌ವರ್ಕ್ ಬೂಟ್‌ಗೆ, ಅಂದರೆ ಕಾರ್ಡಿನ ಬದಲು ಸರ್ವರಿನಿಂದ ಶುರುವಾಗುವಂತೆ, ಬದಲಾಯಿಸಿದೆ. ಬೋರ್ಡನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಯು-ಬೂಟ್ ಮಾತ್ರ ಬೋರ್ಡಿನಲ್ಲಿ. ಲಿನಕ್ಸ್‌ನ ತಿರುಳಾದ ಕರ್ನಲ್ ಸರ್ವರಿನಿಂದ ಟಿಎಫ್‌ಟಿಪಿಯಲ್ಲಿ (ಫೈಲ್ ತರಿಸುವ ಸರಳ ವಿಧಾನ), ಉಳಿದ ಫೈಲುಗಳು ಎನ್‌ಎಫ್‌ಎಸ್‌ನಲ್ಲಿ (ಸರ್ವರಿನ ಫೋಲ್ಡರನ್ನೇ ನೆಟ್‌ವರ್ಕ್ ಮೂಲಕ ಬಳಸುವ ವಿಧಾನ).

ಬೂಟ್ ಆಗುವಾಗ ಬೋರ್ಡು ಬರೆಯುವ ಸಾಲುಗಳನ್ನು ಲ್ಯಾಪ್‌ಟಾಪಿನಲ್ಲಿ ಓದಲು ಸೀರಿಯಲ್ ಅಡಾಪ್ಟರ್ ಬೇಕು. ಆ ಕೆಲಸಕ್ಕೆಂದೇ ರೈಲು ಹತ್ತಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಈ ಅಡಾಪ್ಟರ್ ತಂದೆ. ಬೆರಳುದ್ದದ ಯುಎಸ್‌ಬಿ ಮಾಡ್ಯೂಲ್, ಒಳಗೆ ಸಿಪಿ2102 ಚಿಪ್. 200 ರೂಪಾಯಿಯೊಳಗೆ ಸಿಕ್ಕಿತು. ಲಿನಕ್ಸ್‌ನಲ್ಲಿ ಡ್ರೈವರ್ ಹುಡುಕುವ ಕೆಲಸವೇ ಇಲ್ಲ, ಚುಚ್ಚಿದ ತಕ್ಷಣ ಟಿಟಿವೈಯುಎಸ್‌ಬಿ0 ಅಂತ ಬರುತ್ತದೆ. ನಾನು ಮುಖ್ಯವಾಗಿ ನೋಡಿದ್ದು ವೋಲ್ಟೇಜ್. ಇದರ ಸಿಗ್ನಲ್ 3.3 ವೋಲ್ಟ್, ಬೋರ್ಡಿನದ್ದೂ ಅಷ್ಟೇ. 5 ವೋಲ್ಟ್ ಸಿಗ್ನಲ್ ಕೊಡುವ ಅಡಾಪ್ಟರುಗಳೂ ಅದೇ ಅಂಗಡಿಗಳಲ್ಲಿ ಇರುತ್ತವೆ, ನೋಡೋಕೆ ಎಲ್ಲ ಒಂದೇ ಥರ. ದಯವಿಟ್ಟು ಕೇಳಿ ತೆಗೆದುಕೊಳ್ಳಿ.

ವೈರ್ 3 ಸಾಕು. ಬೋರ್ಡಿನ ಆರು ಪಿನ್ ಸಾಲಿನಲ್ಲಿ 1ನೇದು ಗ್ರೌಂಡ್, 4ನೇದು ಆರ್‌ಎಕ್ಸ್ (ಸಿಗ್ನಲ್ ಪಡೆಯುವುದು), 5ನೇದು ಟಿಎಕ್ಸ್ (ಕಳಿಸುವುದು). ಅಡಾಪ್ಟರಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ ಹೋಗಬೇಕು, ಅಡಾಪ್ಟರಿನ ಆರ್‌ಎಕ್ಸ್ ಬೋರ್ಡಿನ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡಿಗೆ. ಅಡಾಪ್ಟರಿನ ಪವರ್ ಪಿನ್‌ಗಳನ್ನು ಎಲ್ಲಿಗೂ ಜೋಡಿಸಬೇಡಿ. ಲ್ಯಾಪ್‌ಟಾಪಿನ ಟರ್ಮಿನಲ್ ಪ್ರೋಗ್ರಾಂನಲ್ಲಿ ವೇಗ 115200 ಬಾಡ್.

ಈ ಅಡಾಪ್ಟರಿನ ಮಹತ್ವ ನನಗೆ ಗೊತ್ತಾಗಿದ್ದು ಒಂದು ಸೋಮವಾರ. ಹಿಂದಿನ ವಾರ ಲ್ಯಾಬಿಗೆ ಹೊಸ ಇಂಟರ್ನೆಟ್ ರೌಟರ್ ಹಾಕಿ ಹೋಗಿದ್ದರು. ಸೋಮವಾರ ಬೆಳಿಗ್ಗೆ ಒಂದು ಬೋರ್ಡೂ ಮೇಲೇಳಲಿಲ್ಲ. ಲೈಟು ಮಿನುಗುತ್ತದೆ, ಅಷ್ಟೇ. ಸರ್ವರ್ ಎರಡು ಸಲ ರೀಸ್ಟಾರ್ಟ್ ಮಾಡಿದೆ, ಕೇಬಲ್ ಬದಲಾಯಿಸಿದೆ. ಕೊನೆಗೆ ಅಡಾಪ್ಟರ್ ಹಾಕಿದಾಗ ಪಕ್ಕದಲ್ಲಿ ನಿಂತಿದ್ದ ಹುಡುಗಿ, "ಮೇಡಂ, ಬರೀ ಟಿ ಟಿ ಟಿ ಅಂತ ಬರ್ತಿದೆ" ಅಂದಳು.

ಯು-ಬೂಟ್‌ನಲ್ಲಿ ಒಂದೊಂದು ಟಿ ಅಂದರೆ ಒಂದೊಂದು ಟೈಮ್‌ಔಟ್. ಫೈಲ್ ಸರಿಯಾಗಿ ಬರುತ್ತಿದ್ದರೆ ಹ್ಯಾಶ್ ಗುರುತುಗಳ ಸಾಲು ಬೆಳೆಯುತ್ತಾ ಹೋಗುತ್ತದೆ. ಫೈಲೇ ಇಲ್ಲದಿದ್ದರೆ 'ಫೈಲ್ ನಾಟ್ ಫೌಂಡ್' ಅಂತ ನೇರವಾಗಿ ಹೇಳುತ್ತದೆ. ಟಿ ಅಂದರೆ ಆ ಕಡೆಯಿಂದ ಉತ್ತರವೇ ಇಲ್ಲ. ಯಾರ ಉತ್ತರ? ಅದರ ಮೇಲಿನ ಸಾಲು ಓದಿದೆ: 'ಟಿಎಫ್‌ಟಿಪಿ ಫ್ರಮ್ ಸರ್ವರ್ 192.168.1.1'. ನಮ್ಮ ಸರ್ವರ್ 192.168.1.10! ನೆಟ್‌ವರ್ಕಿನಲ್ಲಿ ಕೇಳಿದವರಿಗೆ ವಿಳಾಸ ಕೊಡುವ ಡಿಎಚ್‌ಸಿಪಿ ಕೆಲಸವನ್ನು ಹೊಸ ರೌಟರ್ ತಾನೇ ಮಾಡುತ್ತಿತ್ತು. ವಿಳಾಸ ಕೊಟ್ಟವರ ಹತ್ತಿರವೇ ಫೈಲೂ ಇರಬೇಕು ಅಂತ ಬೋರ್ಡು ಪಾಪ ರೌಟರನ್ನೇ ಕೇಳುತ್ತಾ ಕೂತಿತ್ತು. ಎಂಟರ್ ಒತ್ತಿ ಬೂಟ್ ನಿಲ್ಲಿಸಿ, ವಿಳಾಸ ಸಿಕ್ಕ ಕೂಡಲೇ ಫೈಲ್ ತರುವ 'ಆಟೋಲೋಡ್' ಅನ್ನು 'ನೋ' ಮಾಡಿ, ಬೂಟ್ ಕಮಾಂಡಿನಲ್ಲಿ ಡಿಎಚ್‌ಸಿಪಿ ಆದ ಮೇಲೆ 'ಸರ್ವರ್‌ಐಪಿ' (ಸರ್ವರಿನ ವಿಳಾಸ) ಕೈಯಾರೆ ಕೊಟ್ಟು, ಉಳಿಸಿಡಲು 'ಸೇವ್‌ಎನ್ವ್' ಹೊಡೆದೆ. ಒಂದು ಬೋರ್ಡಿಗೆ 2 ನಿಮಿಷ. ಮಧ್ಯಾಹ್ನದ ಬ್ಯಾಚ್ ಹೊತ್ತಿಗೆ ಹತ್ತೂ ಎದ್ದಿದ್ದವು. ಆ ಒಂದು ಸಾಲು ಕಾಣದಿದ್ದರೆ ಇನ್ನೂ ಎಷ್ಟು ದಿನ ಸರ್ವರನ್ನೇ ಬೈಯುತ್ತಿದ್ದೆನೋ.

ಇನ್ನೊಂದು ಸಲ ಕರ್ನಲ್ ಬದಲಾಯಿಸಿದಾಗ 'ಸ್ಟಾರ್ಟಿಂಗ್ ಕರ್ನಲ್' ಅಂತ ಬಂದು ಪರದೆ ಮೌನವಾಯಿತು. ಕರ್ನಲ್ ಸತ್ತಿದೆ ಅಂದುಕೊಂಡೆ. ಸತ್ತಿರಲಿಲ್ಲ. ಈ ಬೋರ್ಡಿನ ಹಳೆಯ ಕರ್ನಲ್‌ಗಳಲ್ಲಿ ಸೀರಿಯಲ್ ಪೋರ್ಟಿನ ಹೆಸರು ಟಿಟಿವೈಓ0, ಹೊಸದರಲ್ಲಿ ಟಿಟಿವೈಎಸ್0. ಯು-ಬೂಟ್ ಕರ್ನಲ್‌ಗೆ ಕೊಡುವ ಸೂಚನೆಯಲ್ಲಿ (ಬೂಟ್ ಆರ್ಗ್ಯುಮೆಂಟ್) ಹಳೆಯ ಹೆಸರೇ ಉಳಿದಿತ್ತು, ಮಾತು ಬೇರೆಲ್ಲೋ ಹೋಗುತ್ತಿತ್ತು. ಹಾಗಾಗಿ ಮೌನ ಕಂಡ ತಕ್ಷಣ ಹೆದರಬೇಡಿ. ಮೊದಲು ಸರ್ವರಿನ ಲಾಗ್‌ನಲ್ಲಿ ಎನ್‌ಎಫ್‌ಎಸ್ ಮೌಂಟ್ ಆಗಿದೆಯಾ ನೋಡಿ. ಆಗಿದ್ದರೆ ಬೋರ್ಡು ಬದುಕಿದೆ.

ಲ್ಯಾಬಿನ ನೆಟ್‌ವರ್ಕ್ ಸ್ವಿಚ್ ಬದಲಾದಾಗಲೂ ಈ ಅಡಾಪ್ಟರೇ ಕಾಪಾಡಿತು. ವಿಳಾಸ ಕೇಳುವ ಸಾಲು 1, 2, 3 ಅಂತ ಏರುತ್ತಾ ಹೋಗಿ ಸೋಲುತ್ತಿತ್ತು. ನೆಟ್‌ವರ್ಕ್ ಸುತ್ತು ಬೀಳದಂತೆ ಕಾಯುವ ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ ವ್ಯವಸ್ಥೆ ಪೋರ್ಟನ್ನು 30 ಸೆಕೆಂಡ್ ಹಿಡಿದಿಟ್ಟಿತ್ತು. ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿದೆ, ಸರಿಹೋಯಿತು.

ಕೊರತೆಗಳೂ ಇವೆ. ಮಾಡ್ಯೂಲ್ ಜೊತೆ ಕೊಟ್ಟ ಜಂಪರ್ ವೈರ್‌ಗಳು ಬೇಗ ಸಡಿಲವಾದವು. ಇದು ಸಣ್ಣ ವಿಷಯ ಅಲ್ಲ. ಗ್ರೌಂಡ್ ಸರಿಯಾಗಿ ಕೂರದಿದ್ದರೆ ಪರದೆ ತುಂಬಾ ಅರ್ಥವಿಲ್ಲದ ಅಕ್ಷರ ಬರುತ್ತದೆ. ಅದಕ್ಕಿಂತ ಜಾಸ್ತಿ ತೊಂದರೆ ಅಂದರೆ, ಆ ಗದ್ದಲವನ್ನೇ ಯಾರೋ ಕೀ ಒತ್ತಿದರು ಅಂತ ತಿಳಿದು ಯು-ಬೂಟ್ ಬೂಟ್ ನಿಲ್ಲಿಸಿಬಿಡುತ್ತದೆ. ಸರಿಯಿದ್ದ ಬೋರ್ಡನ್ನು ಒಂದು ಸಂಜೆ ಪೂರ್ತಿ ರಿಪೇರಿ ಮಾಡಿದ್ದೇನೆ. ಈಗ ಮೂರೂ ವೈರನ್ನು ಒಂದೇ ಕನೆಕ್ಟರಿಗೆ ಬೆಸುಗೆ ಹಾಕಿಸಿದ್ದೇನೆ. ಗಟ್ಟಿಯಾಗಿ ಕೂರುತ್ತದೆ, ತಿರುಗುಮುರುಗು ಆಗದಂತೆ 1ನೇ ಪಿನ್ನಿನ ಕಡೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇನೆ.

ಹೋದ ತಿಂಗಳು ಇನ್ನೊಂದು ತಂದೆ. ಎರಡನ್ನೂ ಒಂದೇ ಲ್ಯಾಪ್‌ಟಾಪಿಗೆ ಹಾಕಿದರೆ ಎರಡರ ಸೀರಿಯಲ್ ನಂಬರೂ 0001! ಯಾವುದು ಯಾವ ಬೋರ್ಡು ಅಂತ ಹೆಸರಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ಯಾವ ಯುಎಸ್‌ಬಿ ಕಿಂಡಿ ಅನ್ನುವುದರ ಮೇಲೆ ಲಿನಕ್ಸ್ ಕೊಡುವ 'ಬೈ-ಪಾತ್' ಹೆಸರು ಬಳಸಿ, ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗಳ ಪಕ್ಕ ಬೋರ್ಡಿನ ನಂಬರ್ ಬರೆದು ಅಂಟಿಸಿದ್ದೇನೆ.